ಪಟ್ಟಿಯಿಂದ ಬಿಟ್ಟುಹೋದ ಮಂಜಪ್ಪ

ಕಳೆದ ಸೋಮವಾರ ಬೆಳಗ್ಗೆ ನಮ್ಮ ವ್ಯಾನು ತೀರ್ಥಹಳ್ಳಿಯ ಮಂಜಪ್ಪನವರ ಕಣ್ಣೆದುರೇ ಹಾದುಹೋಯಿತು. ಅವರು ಕೈ ಅಡ್ಡ ಹಿಡಿದರಂತೆ. ಡ್ರೈವರ್ ನಿಲ್ಲಿಸಲಿಲ್ಲ. ಅವನ ಪಟ್ಟಿಯಲ್ಲಿ ಆ ಸ್ಟಾಪೇ ಇರಲಿಲ್ಲ.

ಪಟ್ಟಿ ತಯಾರಿಸುವವಳು ನಾನು.

ತೀರ್ಥಹಳ್ಳಿ, ಹೊಸನಗರದಿಂದ ಡಯಾಲಿಸಿಸ್‌ಗೆಂದು ಸಾಗರಕ್ಕೆ ಬರುವವರಿಗಾಗಿ ನಾವೊಂದಿಷ್ಟು ಜನ ಸೇರಿ ವ್ಯಾನು ಓಡಿಸುತ್ತೇವೆ. ಯಾರನ್ನು ಎಲ್ಲಿ ಹತ್ತಿಸಿಕೊಳ್ಳಬೇಕು ಎಂಬ ಪಟ್ಟಿಗೆ ನಾನೊಂದು ಸಣ್ಣ ಪ್ರೋಗ್ರಾಮ್ ಬರೆದಿದ್ದೆ. (ಬರೆದಿದ್ದೆ ಅನ್ನುವುದು ದೊಡ್ಡ ಮಾತು. ನೆಟ್‌ನಲ್ಲಿ ಸಿಕ್ಕಿದ್ದನ್ನು ಎತ್ತಿ ಅಂಟಿಸಿದ್ದೆ.)

ಮಂಜಪ್ಪನವರು ಬಸ್ಸು ಬದಲಿಸಿಕೊಂಡು ಬರುವಷ್ಟರಲ್ಲಿ ಅವರ ಸರದಿ ಮುಗಿದಿತ್ತು. ಡಯಾಲಿಸಿಸ್ ಮರುದಿನಕ್ಕೆ ಹೋಯಿತು. ಕಾಲು ಊದಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದವರು ನನ್ನನ್ನು ನೋಡಿ, "ಇರ್ಲಿ ಬಿಡಿ ಮೇಡಂ, ಬಸ್ಸಾದ್ರೂ ಸಿಕ್ತು" ಅಂದರು. ಬೈದಿದ್ದರೆ ವಾಸಿಯಿತ್ತು.

ಆಫೀಸಿಗೆ ಬಂದು ಲ್ಯಾಪ್‌ಟಾಪ್ ತೆರೆದೆ. ನೆಟ್ ಇಲ್ಲ. ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿತ್ತು. ಇನ್ನು ಸರಿಮಾಡುವುದು ಹೇಗೆ? ಜೋರಾಗೇ ಗೊಣಗಿಕೊಂಡೆ. ವ್ಯಾನಿನ ಫೋನು ನೋಡಿಕೊಳ್ಳುವ ಲಲಿತಕ್ಕ ಕೇಳಿದರು: "ಅದಕ್ಕೊಂದು ಪುಸ್ತಕ ಗಿಸ್ತಕ ಇರಲ್ವೇನೆ?"

ಇತ್ತು. ನಾನು ಪ್ರೋಗ್ರಾಮ್ ಬರೆಯುವ ಎಡಿಟರ್ ಎಂಬ ಸಾಫ್ಟ್‌ವೇರ್ ಒಳಗೇ ಇತ್ತು. ಯಾವ ಪದದ ಮೇಲಾದರೂ ಕರ್ಸರ್ ಇಟ್ಟು ಒಂದು ಕೀ ಒತ್ತಿದರೆ ಅದರ ವಿವರಣೆ ಕೆಳಗೇ ತೆರೆದುಕೊಳ್ಳುತ್ತದೆ. ನೆಟ್ ಬೇಕಿಲ್ಲ. ಮೂರು ವರ್ಷದಲ್ಲಿ ಒಮ್ಮೆಯೂ ಆ ಕೀ ಒತ್ತಿರಲಿಲ್ಲ. ಯಾರು ಓದುತ್ತಾರೆ ಅದನ್ನೆಲ್ಲ? ಮಾತ್ರೆ ಡಬ್ಬಿಯೊಳಗಿನ ಚೀಟಿ ಓದುತ್ತೇವೆಯೇ? ಮೊಬೈಲಿನಲ್ಲಿ "ಒಪ್ಪಿದ್ದೇನೆ" ಅಂತ ಒತ್ತುವ ಮುಂಚೆ ಏನನ್ನು ಒಪ್ಪಿದೆವು ಅಂತ ನೋಡುತ್ತೇವೆಯೇ?

ಒಂದೊಂದೇ ಸಾಲಿನ ಮೇಲೆ ಕರ್ಸರ್ ಇಟ್ಟು ಓದುತ್ತಾ ಹೋದೆ. ಊಟದ ಹೊತ್ತು ಮೀರಿತು. ಕಣ್ಣುರಿ ಬೇರೆ. ಕೊನೆಗೆ, ಎರಡೆರಡು ಸಲ ದಾಖಲಾದವರನ್ನು ತೆಗೆಯಲೆಂದು ಹಿಂದಿನ ವಾರ ನಾನೇ ಸೇರಿಸಿದ್ದ ಸಾಲಿಗೆ ಬಂದೆ. ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಒಂದೇ ಹೆಸರು ಮತ್ತೆ ಬಂದರೆ ಮೊದಲನೆಯದು ಮಾತ್ರ ಉಳಿಯುತ್ತದೆ, ಮಿಕ್ಕಿದ್ದು ಅಳಿಸಿಹೋಗುತ್ತದೆ.

ಹೊಸನಗರದಲ್ಲೂ ಒಬ್ಬರು ಮಂಜಪ್ಪ ಇದ್ದಾರೆ. ಪಟ್ಟಿಯಲ್ಲಿ ಅವರು ಮೊದಲು.

ಹೆಸರಿನ ಜೊತೆ ಊರನ್ನೂ ನೋಡುವಂತೆ ತಿದ್ದಿದೆ. ಒಂದೇ ಪದದ ಕೆಲಸ. ಇಬ್ಬರೂ ಮಂಜಪ್ಪಂದಿರು ಪಟ್ಟಿಯಲ್ಲಿ ಬಂದರು.

ಸಂಜೆ ತೀರ್ಥಹಳ್ಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಮಂಜಪ್ಪನವರು ಸಮಾಧಾನವಾಗಿ ಕೇಳಿಸಿಕೊಂಡರು.

"ಹಂಗಂತ ಅದ್ರಲ್ಲೇ ಬರ್ದಿತ್ತಾ ಮೇಡಂ?"

"ಬರೆದಿತ್ತು."

"ಮತ್ತೆ ನೀವು ಓದಿದೋರಲ್ವಾ?"