ಅಣ್ಣನ ಜೋಕಾಲಿಯ ಕಾಡಿಗೆ

ನಾಗರ ಪಂಚಮಿಗೆ ತವರಿನವರು ಕರೆಯಲು ಬರದೆ ಹೆಣ್ಣುಮಗಳು ತಾನಾಗಿ ಹೊರಡುವುದು ನಮ್ಮಲ್ಲಿಲ್ಲ. ಈ ಸಲ ನಾನು ಹೊರಟೆ. ವರ್ಷವರ್ಷವೂ ನನ್ನ ಗಂಡನ ಊರಾದ ಬನಹಟ್ಟಿಗೆ ಬಂದು ಕರೆದೊಯ್ಯುತ್ತಿದ್ದ ಅಣ್ಣ ತೀರಿಕೊಂಡು ವರ್ಷ ಕಳೆದಿತ್ತು. ಹೋದ ಪಂಚಮಿಗೆ ಆ ಮನೆಯಲ್ಲಿ ಹಬ್ಬವೇ ಇರಲಿಲ್ಲ. ಈ ಸಲವೂ ಯಾರೂ ಬರದಿದ್ದಾಗ, ನನ್ನ ತವರು ಇಲ್ಲಿಗೆ ಮುಗಿಯಿತೇನೋ ಎಂದು ಸಂಕಟವಾಯಿತು. ಶೇಂಗಾ ಉಂಡಿ, ಅಳ್ಳಿಟ್ಟು ಕಟ್ಟಿಕೊಂಡು ಬೆಳಿಗ್ಗೆಯೇ ಬಸ್ಸು ಹತ್ತಿದೆ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸೀಟು ಸಿಕ್ಕರೆ ಪುಣ್ಯ. ಜಮಖಂಡಿಯವರೆಗೆ ಯಾರದೋ ಬುತ್ತಿ ಚೀಲ ನನ್ನ ಮೊಣಕಾಲಿಗೆ ಒತ್ತಿಕೊಂಡೇ ಬಂತು. ಮುಧೋಳದಲ್ಲಿ ಬಸ್ಸು ಬದಲಿಸಿ ಒಂದು ಚಹಾ ಕುಡಿದೆ. ಅಲ್ಲಿಂದ ಬೀಳಗಿ ಕಡೆಗೆ ದಾರಿಯುದ್ದಕ್ಕೂ ಕಬ್ಬು, ಮೇಲೆ ಜಿಟಿಜಿಟಿ ಮಳೆ.

ನಮ್ಮ ಹಳೆಯ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದೆ. ಸರಕಾರ ಕಟ್ಟಿಕೊಟ್ಟ ಹೊಸ ಊರಿನಲ್ಲಿ ಆಗ ಜೋಕಾಲಿ ಕಟ್ಟಲು ಒಂದು ಗಿಡವೂ ಇರಲಿಲ್ಲ. ಅದಕ್ಕೇ ಅಣ್ಣ ನಮ್ಮ ಪಂಚಮಿಯನ್ನು ಹತ್ತಿರದ ಕುರುಚಲು ಕಾಡಿಗೆ ಒಯ್ದ. ಹಿಂದೆ ಸಂಸ್ಥಾನದವರು ಬೇಟೆಯಾಡುತ್ತಿದ್ದ ಕಾಡಂತೆ ಅದು, ಅವನೇ ಹೇಳುತ್ತಿದ್ದ. ಆಮೇಲೆ ನಮ್ಮಂಥವರ ಕುರಿಗಳು ಅಲ್ಲಿ ಮೇಯ್ದವು, ಶ್ರಾವಣದಲ್ಲಿ ಸುತ್ತಲಿನವರು ಬುತ್ತಿ ಬಿಚ್ಚಿ ಉಂಡರು. ಈಗ ಚಿಂಕಾರ ಎಂಬ ಪುಟ್ಟ ಹುಲ್ಲೆಗಳಿಗೆ ಮೀಸಲು. ಅಲ್ಲಿಯ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿ ಅಣ್ಣ ಮೊದಲು ತಾನೇ ಕೂತು ತೂಗುತ್ತಿದ್ದ. ಅವನ ಭಾರ ತಾಳಿದ ಟೊಂಗೆ ನಮ್ಮನ್ನು ಬೀಳಿಸೀತೇ!

ಬಾಗಿಲಲ್ಲಿ ನನ್ನನ್ನು ನೋಡಿದ್ದೇ ವೈನಿ, ಅಂದರೆ ಅಣ್ಣನ ಹೆಂಡತಿ, ಅತ್ತುಬಿಟ್ಟರು.

"ಕರಿಯಾಕ ಯಾರನ್ನ ಕಳಸ್ಲಿ ಶಾಂತವ್ವಾ? ನಾನ ಬಂದ್ರ ಮಂದಿ ಏನಂದಾರು?"

"ಕರೀದನ ಬಂದೇನಿ. ಹೊರಗ ಹಾಕ್ತೀರೇನ ವೈನಿ?" ಎಂದೆ. ಅಳುತ್ತಲೇ ನಕ್ಕರು.

ಉಂಡ ಮೇಲೆ ವೈನಿ ಗೂಟದಲ್ಲಿದ್ದ ಹಗ್ಗ ಇಳಿಸಿದರು. ಅದರ ಎರಡೂ ತುದಿಗೆ ಅಣ್ಣ ಹಾಕಿದ್ದ ಕುಣಿಕೆಗಳು ಹಾಗೆಯೇ ಇದ್ದವು. ಅವನು ಅವನ್ನು ಬಿಚ್ಚುತ್ತಲೇ ಇರಲಿಲ್ಲ. ಆ ಬೇವಿನ ಟೊಂಗೆಗೆ ಸರಿಹೋಗುವ ಅಳತೆ ಅದು. ಇಬ್ಬರೂ ಆಟೋ ಹಿಡಿದು ಕಾಡಿಗೆ ಹೋದೆವು.

ಕಾಡಿಗೀಗ ಗೇಟಿದೆ. ಒಳಗೆ ಕೂರಲು ಕಲ್ಲುಬೆಂಚು, ದೂರ ನೋಡಲು ಗೋಪುರ, ಮಕ್ಕಳಿಗೆ ಕಬ್ಬಿಣದ ಜೋಕಾಲಿ. ಮೊಬೈಲು ಹಿಡಿದು ಫೋಟೋ ತೆಗೆಯುವವರೇ ಹೆಚ್ಚು. ವೈನಿಯ ಹೆಗಲ ಮೇಲೆ ಹಗ್ಗ ಕಂಡೊಡನೆ ಕಾವಲುಗಾರ ಅಡ್ಡ ಬಂದ.

"ಗಿಡಕ್ಕ ಕಟ್ಟಾಕ ಬಿಡೂದಿಲ್ರೀ ಅವ್ವಾರ. ಟೊಂಗಿ ಮುರದು ಒಬ್ಬಾಕಿ ಬಿದ್ದಾಳ. ಚಿಂಕಾರನೂ ಬೆದರ್ತಾವ್ರಿ."

ಅವನು ಹೇಳಿದ್ದು ಖರೆ, ವಾದಕ್ಕೆ ಜಾಗವಿರಲಿಲ್ಲ. ಬೇವಿನ ಗಿಡ ತಂತಿಬೇಲಿಯ ಆಚೆ ಕಾಣುತ್ತಿತ್ತು. ನಮ್ಮ ಮುಖ ನೋಡಿ ಅವನಿಗೇ ಕರುಣೆ ಬಂತು. ಮಕ್ಕಳ ಜೋಕಾಲಿಯ ಪಕ್ಕ ಖಾಲಿಯಿದ್ದ ಕಬ್ಬಿಣದ ಕಂಬಿಗೆ ಕಟ್ಟಿಕೊಳ್ಳಿ ಎಂದ. ಕಟ್ಟಿದರೆ ಹಗ್ಗ ನೆಲಕ್ಕೆ ತಾಕಿತು.

"ಉದ್ದ ಆತ್ರಿ. ಈ ಗಂಟ ಬಿಚ್ಚಿ ಗಿಡ್ಡ ಮಾಡಿ ಕಟ್ಟಿಕೊಡ್ತೇನಿ" ಎಂದು ಅವನು ಕುಣಿಕೆಗೆ ಕೈ ಹಾಕಿದ.

"ಬ್ಯಾಡೋ ಯಪ್ಪಾ!" ವೈನಿ ಅವನ ಕೈ ಹಿಡಿದರು. "ಅದು ಅವ್ರು ಹಾಕಿದ ಗಂಟು. ಬಿಚ್ಚಬ್ಯಾಡ."

ಜೋಕಾಲಿ ಆಡದೆಯೇ ಬೆಂಚಿನ ಮೇಲೆ ಕೂತು ಉಂಡಿ ತಿಂದೆವು.

ಸಂಜೆ ಬಸ್ಸಿಗೆ ಕಾಯುವಾಗ ಕೇಳಿದೆ: "ವೈನಿ, ಈ ಹಗ್ಗ ನನಗ ಕೊಡ್ರಿ. ಅಣ್ಣನ ನೆನಪಿಗೆ ಇಟ್ಕೋತೇನಿ."

ವೈನಿ ಹಗ್ಗವನ್ನು ಆಚೆಯ ಹೆಗಲಿಗೆ ಬದಲಿಸಿದರು.

"ಕೊಡೂದಿಲ್ಲ. ಇದನ್ನೂ ಒಯ್ದ್ಯಂದ್ರ ಮತ್ತ ಯಾಕ ಬರ್ತಿ ನೀ?"

ಬಸ್ಸು ಹೊರಟಿತು. ಹಿಂದಿನ ಗಾಜಿನಿಂದ ನೋಡಿದೆ. ಮಳೆ ಜೋರಾಗಿತ್ತು. ವೈನಿ ತಲೆಯ ಮೇಲಿನ ಸೆರಗು ತೆಗೆದು ಹಗ್ಗಕ್ಕೆ ಹೊದಿಸಿಕೊಂಡು ನಿಂತಿದ್ದರು.