ಕುಕ್ಕರಿನ ಮೇಲೆ ಅಂಟಿಸಿದ ಕ್ರಿಯಾಪದ

ಕುಕ್ಕರಿನ ಹಿಡಿಯ ಮೇಲೆ ಒಂದು ಹಳದಿ ಚೀಟಿ. ಅದರಲ್ಲಿ ದುಂಡಗಿನ ಅಕ್ಷರಗಳಲ್ಲಿ: ಬ್ಲೋ, ಬ್ಲ್ಯೂ, ಬ್ಲೋನ್. ಎರಡನೇ ವಿಷಲ್‌ಗೆ ಚೀಟಿಯ ಒಂದು ಮೂಲೆ ಏಳುತ್ತದೆ. ಮೂರನೆಯದಕ್ಕೆ ಇಡೀ ಚೀಟಿ ಉದುರಿ ಒಲೆಯ ಪಕ್ಕ ಬೀಳುತ್ತದೆ. ಶೈಲಜಾ ಅದನ್ನು ಎತ್ತಿ, ಒರೆಸಿ, ಮತ್ತೆ ಅಂಟಿಸುತ್ತಾರೆ.

ನಲ್ಲಿಯ ಮೇಲೆ ಡ್ರಿಂಕ್, ಡ್ರ್ಯಾಂಕ್, ಡ್ರಂಕ್. ಪೊರಕೆಗೆ ಸ್ವೀಪ್, ಸ್ವೆಪ್ಟ್, ಸ್ವೆಪ್ಟ್. ಫ್ರಿಜ್ಜಿಗೆ ಫ್ರೀಜ್, ಫ್ರೋಜ್, ಫ್ರೋಜನ್. (ಚಾಕುವಿಗೆ ಮಾತ್ರ ಚೀಟಿ ಇಲ್ಲ. ಕಟ್ ಎಂಬುದು ಮೂರು ಕಡೆಯೂ ಕಟ್ಟೇ. ಇಂಗ್ಲಿಷಿನಲ್ಲಿ ಇಷ್ಟು ಮರ್ಯಾದಸ್ಥ ಪದ ಇನ್ನೊಂದಿಲ್ಲ ಎಂದು ಅವರ ಅಭಿಪ್ರಾಯ.)

ನೈರೋಬಿಯ ಹೈರಿಡ್ಜ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಶೈಲಜಾ ಅವರದು ನಾಲ್ಕನೇ ಮಹಡಿ, ನನ್ನದು ಐದನೆಯದು. ಅವರ ಯಜಮಾನರು ಇಲ್ಲಿನ ಔಷಧ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಮಗಳು ಧೃತಿ ಆರನೇ ಕ್ಲಾಸು. ತುಮಕೂರಿನ ಕಡೆಯ ಕನ್ನಡ ಮಾಧ್ಯಮ ಹೈಸ್ಕೂಲೊಂದರಲ್ಲಿ ಶೈಲಜಾ ಒಂಬತ್ತು ವರ್ಷ ಗಣಿತ ಕಲಿಸಿದವರು. ನೈರೋಬಿಗೆ ಬಂದ ಮೇಲೆ ಐದು ವರ್ಷದಿಂದ ಮನೆಯಲ್ಲೇ ಇದ್ದಾರೆ.

ನಮ್ಮ ಮೊದಲ ಭೇಟಿ ಲಿಫ್ಟಿನಲ್ಲಿ. ಐದನೇ ಮಹಡಿಯವಳು ಕನ್ನಡದವಳು ಎಂದು ತಿಳಿದದ್ದೇ ತಡ, ಕೆಳಗಿಳಿಯುವುದರೊಳಗೆ ಬಾಡಿಗೆ ಎಷ್ಟು, ಸಂಬಳ ಎಷ್ಟು, ಮದುವೆ ಯಾಕೆ ಆಗಿಲ್ಲ, ಮೂರನ್ನೂ ಕೇಳಿ ಮುಗಿಸಿದ್ದರು. ಅದಾದ ಮೇಲೆ ಎರಡು ತಿಂಗಳು ನಾನು ಮೆಟ್ಟಿಲು ಬಳಸಿದೆ.

ಈ ವರ್ಷ ಪಾರ್ಕ್‌ಲ್ಯಾಂಡ್ಸ್ ಕಡೆಯ ಒಂದು ಶಾಲೆಗೆ ಗಣಿತದ ಟೀಚರ್ ಬೇಕಾಗಿದ್ದರು. ಶೈಲಜಾ ಅರ್ಜಿ ಹಾಕಿದರು. ಪರ್ಮಿಟ್ಟು, ಸರ್ಟಿಫಿಕೇಟು ಎಲ್ಲ ಸರಿಯಾಗಿದ್ದವು. ಸರಿಯಿಲ್ಲದ್ದು ಟೆನ್ಸ್ ಮಾತ್ರ.

"ನೀವ್ ಆಫೀಸಲ್ಲಿ ಇಂಗ್ಲಿಷ್ ರಿಪೋರ್ಟ್ ತಿದ್ತೀರಂತಲ್ಲ ಮೇಡಂ," ಎಂದು ಒಂದು ಸಂಜೆ ಬಾಗಿಲಿಗೆ ಬಂದರು. "ನನ್ನೂ ಒಂಚೂರು ತಿದ್ದಿ. ಇದೊಂದು ಕೆಲಸ ಸಿಕ್ಲಿಲ್ಲ ಅಂದ್ರೆ ನಾನು ಟೀಚರ್ ಆಗಿದ್ದೆ ಅನ್ನೋದು ನಂಗೇ ಮರ್ತೋಗತ್ತೆ."

ಇಲ್ಲ ಎನ್ನಲು ಆಗಲಿಲ್ಲ. ಪ್ರತಿ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಅರ್ಧ ಗಂಟೆ, ಅವರ ಅಡುಗೆಮನೆಯಲ್ಲಿ ಪಾಠ ಎಂದಾಯಿತು.

ಅವರ ಕಷ್ಟ ಒಂದೇ. ಎಲ್ಲ ಕಾಲಕ್ಕೂ ಒಂದೇ ರೂಪ. "ಯೆಸ್ಟರ್‌ಡೇ ಐ ಆಮ್ ಗೋಯಿಂಗ್ ಟು ಮಾರ್ಕೆಟ್." "ಟುಮಾರೋ ಐ ಆಮ್ ಕುಕಿಂಗ್." "ಐ ಆಮ್ ಹ್ಯಾವಿಂಗ್ ಒನ್ ಡಾಟರ್."

"ಒಗ್ಗರಣೆಗೆ ಇಂಗು ಹಾಕ್ದಂಗೆ ಆಗ್ಬಿಟ್ಟಿದೆ ಮೇಡಂ, ಎಲ್ಲದಕ್ಕೂ ಒಂದ್ ಇಂಗ್ ಬಿದ್ರೇನೇ ಸಮಾಧಾನ."

ತಟ್ಟೆಯಿಂದ ತಲೆ ಎತ್ತದೆ ಧೃತಿ ಹೇಳಿದಳು: "ಅಮ್ಮಾ, ಇಟ್ಸ್ 'ಐ ವೆಂಟ್'. ಓ ಗಾಡ್."

"ನಿನ್ ಗಾಡ್‌ಗೂ ಅರ್ಥ ಆಗಿದೆ ನಾನ್ ಹೇಳಿದ್ದು. ನೀನ್ ತಿಂಡಿ ತಿನ್ನು."

ಹಾಗೆಂದು ಕಾಲದ ಪರಿವೆಯೇ ಇಲ್ಲದ ಭಾಷೆಯಿಂದ ಬಂದವರೇ ನಾವು? ಹೋದೆ, ಹೋಗಿದ್ದೆ, ಹೋಗಿದ್ದೇನೆ, ಹೋಗುತ್ತಿದ್ದೆ, ಹೋಗಿಬಿಟ್ಟಿದ್ದೆ. ಇವುಗಳ ನಡುವಿನ ವ್ಯತ್ಯಾಸವನ್ನು ಶೈಲಜಾ ನಿದ್ದೆಯಲ್ಲೂ ತಪ್ಪುವುದಿಲ್ಲ. ಅದನ್ನೇ ಹಿಡಿದುಕೊಂಡೆ. ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಎಂದೆ. ಗಣಿತದವರಲ್ಲವೇ, ನಿಯಮ ಎಂದರೆ ಅವರಿಗೆ ಇಷ್ಟ. ನಾನು ಪ್ರಶ್ನೆ ಕೇಳುತ್ತಿದ್ದೆ, ಅವರು ಉತ್ತರಿಸುತ್ತಿದ್ದರು. ನಿನ್ನೆ ಏನು ಮಾಡಿದಿರಿ? ಬೆಳಗಿನಿಂದ ಏನೇನು ಮಾಡಿದ್ದೀರಿ? ಮುಂದಿನ ವಾರ ಏನು ಮಾಡುತ್ತೀರಿ? ವಾಕ್ಯಗಳು ನೆಟ್ಟಗಾಗುತ್ತ ಬಂದವು.

ಎರಡನೇ ವಾರ ಇರಬೇಕು. ಶೈಲಜಾ ಸೌಟು ಹಿಡಿದು ನನ್ನ ಕಡೆ ತಿರುಗಿದರು. "ದಿನಾ ನೀವೇ ಕೇಳ್ತೀರ. ಇವತ್ತು ನಾನ್ ಕೇಳ್ತೀನಿ ತಡೀರಿ. ವೈ ಯು ಆರ್ ನಾಟ್ ಗೋಯಿಂಗ್ ಟು ಇಂಡಿಯಾ ಸಿನ್ಸ್ ತ್ರೀ ಇಯರ್ಸ್?"

ಮೂರು ವರ್ಷದಿಂದ ನಾನು ಊರಿಗೆ ಹೋಗಿಲ್ಲ. ಯಾಕೆ ಎಂದು ಅವರು ಕೇಳುತ್ತಿದ್ದರು.

"ವೈ ಹ್ಯಾವಂಟ್ ಯು ಗಾನ್ ಟು ಇಂಡಿಯಾ ಫಾರ್ ತ್ರೀ ಇಯರ್ಸ್," ಎಂದು ತಿದ್ದಿದೆ.

ಅವರು ಅದನ್ನು ಒಂದು ಅಕ್ಷರ ಬಿಡದೆ ತಿರುಗಿ ಹೇಳಿದರು. ಹೇಳಿ, ಕಾದರು.

"ಕರೆಕ್ಟ್," ಎಂದೆ. "ಮುಂದಿನ ವಾಕ್ಯ."

ಅವರು ಒಂದು ಕ್ಷಣ ನನ್ನನ್ನು ನೋಡಿ, ಉಪ್ಪಿಟ್ಟಿನ ಕಡೆ ತಿರುಗಿಕೊಂಡರು. ಮತ್ತೆ ಯಾವತ್ತೂ ಅವರು ಪ್ರಶ್ನೆ ಕೇಳಲಿಲ್ಲ. ಪಾಠ ಸಲೀಸಾಗಿ ಸಾಗಿತು.

ಕಳೆದ ಸೋಮವಾರ ಸಂದರ್ಶನ. ಅಲ್ಲಿ ನಡೆದದ್ದನ್ನು ಅವತ್ತು ಸಂಜೆ ಶೈಲಜಾ ಬಿಡಿಬಿಡಿಯಾಗಿ ಒಪ್ಪಿಸಿದರು.

ನೈರೋಬಿಯಲ್ಲಿ ಯಾವ ಮಾತೂ ನೇರ ವಿಷಯಕ್ಕೆ ಬರುವುದಿಲ್ಲ. ಅಂಗಡಿಯಲ್ಲಿ ಹಾಲು ಕೇಳುವ ಮುಂಚೆ ಹಬಾರಿ, ಅಂದರೆ ಹೇಗಿದ್ದೀರಿ ಎಂದು ಕೇಳಬೇಕು. ಅವರು ಹೇಳಿ, ತಿರುಗಿ ನಿಮ್ಮನ್ನು ಕೇಳುತ್ತಾರೆ. ಮನೆಯಲ್ಲಿ ಹೇಗೆ, ಮಕ್ಕಳು ಹೇಗೆ, ನಿದ್ದೆ ಬಂತೇ. ಆಮೇಲೆ ಹಾಲು. ಶಾಲೆಯ ಉಪ ಮುಖ್ಯಶಿಕ್ಷಕಿ ಮಿಸೆಸ್ ನ್ಜೇರಿ ಎಂಬವರೂ ಮೇಜು ಬಿಟ್ಟು ಎದ್ದು ಬಂದು, ಕೈಕುಲುಕಿ, ಹಾಗೆಯೇ ಶುರು ಮಾಡಿದ್ದಾರೆ. ಹೇಗಿದ್ದೀರಿ? ಮನೆಯವರು? ದಾರಿಯಲ್ಲಿ ಜಾಮ್ ಇತ್ತೇ?

ಶೈಲಜಾಗೆ ಅವೆಲ್ಲ ಪರೀಕ್ಷೆಯ ಪ್ರಶ್ನೆಗಳಂತೆ ಕೇಳಿಸಿವೆ. "ವಿ ಲೆಫ್ಟ್ ಅರ್ಲಿ, ಸೋ ವಿ ರೀಚ್ಡ್ ಆನ್ ಟೈಮ್." ಪೂರ್ಣ ಅಂಕ. "ಐ ಟಾಟ್ ಮ್ಯಾತ್ಸ್ ಫಾರ್ ನೈನ್ ಇಯರ್ಸ್." ಅದಕ್ಕೂ ಪೂರ್ಣ ಅಂಕ. ಉತ್ತರ ಹೇಳಿ ಕೈಕಟ್ಟಿ ಮುಂದಿನದಕ್ಕೆ ಕಾದಿದ್ದಾರೆ. ಕೊನೆಗೆ ಮಿಸೆಸ್ ನ್ಜೇರಿ, ನನ್ನನ್ನು ಏನಾದರೂ ಕೇಳುವುದಿದೆಯೇ ಎಂದರಂತೆ.

"ನೋ, ಮೇಡಂ."

ಏನೂ ಇಲ್ಲವೇ? ಮಕ್ಕಳ ಬಗ್ಗೆ?

"ನೋ, ಮೇಡಂ."

ಇದನ್ನು ನನಗೆ ಹೇಳುತ್ತಿರುವಾಗಲೇ ಫೋನ್ ಬಂತು. ಶೈಲಜಾ ಸ್ಪೀಕರ್ ಒತ್ತಿ, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದರು. ಮಿಸೆಸ್ ನ್ಜೇರಿಯವರದು ನಿಧಾನದ ಇಂಗ್ಲಿಷ್. ಮೊದಲು, ಕ್ಷೇಮವಾಗಿ ಮನೆ ಸೇರಿದಿರಾ ಎಂದು ವಿಚಾರಿಸಿದರು. ಆಮೇಲೆ ಹೇಳಿದರು.

"ಮ್ವಾಲಿಮು, ನಿಮ್ಮ ಇಂಗ್ಲಿಷಿನಲ್ಲಿ ನನಗೆ ಒಂದು ತಪ್ಪೂ ಸಿಗಲಿಲ್ಲ. ಆದರೆ ನೀವು ನನ್ನನ್ನು ಏನೂ ಕೇಳಲಿಲ್ಲ. ತರಗತಿಯಲ್ಲಿ ಎಷ್ಟು ಮಕ್ಕಳು, ಯಾವ ಪುಸ್ತಕ, ಯಾವ ಪಾಠ ಅವರಿಗೆ ಕಷ್ಟ. ನಾನು ಹೇಗಿದ್ದೇನೆ ಅಂತಲೂ ಕೇಳಲಿಲ್ಲ. ಟೀಚರ್ ಕೆಲಸ ಎಂದರೆ ಕೇಳುವುದು ತಾನೇ? ಇನ್ನಿಬ್ಬರು ಅಭ್ಯರ್ಥಿಗಳಿದ್ದಾರೆ. ಗುರುವಾರ ಬಂದು ಒಂದು ಡೆಮೊ ಕ್ಲಾಸ್ ತೆಗೆದುಕೊಳ್ಳಿ. ಮಕ್ಕಳನ್ನು ಪ್ರಶ್ನೆ ಕೇಳಿ. ಅದನ್ನು ನೋಡಿ ತೀರ್ಮಾನ ಮಾಡೋಣ."

"ಅಸಾಂಟೆ, ಮೇಡಂ," ಎಂದು ಧನ್ಯವಾದ ಹೇಳಿದರು ಶೈಲಜಾ. ಫೋನ್ ಇಟ್ಟರು.

ಮ್ವಾಲಿಮು ಎಂದರೆ ಸ್ವಾಹಿಲಿಯಲ್ಲಿ ಮೇಷ್ಟ್ರು. ಐದು ವರ್ಷದಲ್ಲಿ ಅವರನ್ನು ಯಾರೂ ಹಾಗೆ ಕರೆದಿರಲಿಲ್ಲ.

"ಬಟ್ ಅಮ್ಮ ಆಸ್ಕ್ಸ್ ಕ್ವೆಶ್ಚನ್ಸ್ ಆಲ್ ಡೇ," ಎಂದಳು ಧೃತಿ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಅದು ಕನ್ನಡದಲ್ಲಿ ಕಣೇ." ನಂತರ ನನ್ನ ಕಡೆ ತಿರುಗಿ, ಯಾವ ಆಕ್ಷೇಪವೂ ಇಲ್ಲದೆ, "ನಾವು ಕೇಳೋದನ್ನ ಪ್ರಾಕ್ಟೀಸ್ ಮಾಡ್ಲೇ ಇಲ್ಲ ಅಲ್ವಾ ಮೇಡಂ?" ಎಂದರು.

ಮಾಡಿರಲಿಲ್ಲ. ಒಂದೇ ಒಂದು ಸಲ ಮಾಡಿದ್ದೆವು.

ಮನೆಗೆ ಹತ್ತಿ ಬಂದು ಯೋಚಿಸಿದೆ. ನಾವೆಲ್ಲ ಇಂಗ್ಲಿಷ್ ಕಲಿತದ್ದೇ ಹೀಗಲ್ಲವೇ? 'ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿ' ಎಂದೇ ಪ್ರತಿ ಪ್ರಶ್ನೆಪತ್ರಿಕೆ ಶುರುವಾಗುತ್ತಿತ್ತು. ನೀವೇ ನಾಲ್ಕು ಪ್ರಶ್ನೆ ಕೇಳಿ ಎಂದು ಯಾವ ಪರೀಕ್ಷೆಯಲ್ಲಿ ಬಂದಿತ್ತು? ವೀಸಾ ಕೌಂಟರಿನಲ್ಲಿ ಉತ್ತರ. ಸಂದರ್ಶನದಲ್ಲಿ ಉತ್ತರ. ಮೇಲಧಿಕಾರಿಗೆ ಉತ್ತರ. ಸರಿಯಾದ ಉತ್ತರಕ್ಕೆ ಸರಿಯಾದ ಟೆನ್ಸ್. ತಪ್ಪಬಾರದು ಎಂಬ ಎಚ್ಚರದಲ್ಲಿ ಎದುರಿಗೆ ಕೂತಿರುವವರೂ ಮನುಷ್ಯರೇ ಎಂಬುದು ನೆನಪಿಗೆ ಬರುವುದಿಲ್ಲ.

ಆದರೆ ಅದು ಅರ್ಧ ವಿವರಣೆ. ಶೈಲಜಾ ಆ ಎಚ್ಚರದವರ ಪೈಕಿಯೇ ಅಲ್ಲ. ಲಿಫ್ಟಿನಲ್ಲಿ ಅಪರಿಚಿತಳ ಸಂಬಳ ಕೇಳಿದ ಹೆಂಗಸು ಅವರು. ಎಲ್ಲರೂ ಎಲ್ಲರನ್ನೂ ವಿಚಾರಿಸಿಕೊಳ್ಳುವ ಈ ಊರಿಗೆ ನನಗಿಂತ ಎಷ್ಟೋ ಚೆನ್ನಾಗಿ ಹೊಂದಿಕೊಳ್ಳಬಲ್ಲವರು. ಇಂಗ್ಲಿಷಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆಗೆ ಸಿಕ್ಕಿದ್ದೇನು? ಒಂದು ತಿದ್ದುಪಡಿ. ಅದೂ ಎಂಥ ಅನುಕೂಲದ ತಿದ್ದುಪಡಿ ನೋಡಿ. ಕ್ರಿಯಾಪದ ಸರಿ ಮಾಡುತ್ತ ಕೂತವರನ್ನು ಉತ್ತರ ಹೇಳಿ ಎಂದು ಯಾರೂ ಒತ್ತಾಯಿಸುವುದಿಲ್ಲ. (ಆಫೀಸಿನಲ್ಲೂ ನನಗೆ ಇದರಿಂದ ಬಹಳ ಉಪಯೋಗವಾಗಿದೆ.)

ನನ್ನ ವಿಷಯ ನನಗೆ ಇರಲಿ ಎನ್ನುವುದು ನನ್ನ ಸ್ವಭಾವ. ಅದರಲ್ಲಿ ತಪ್ಪೇನೂ ಇಲ್ಲ ಎಂದು ಈಗಲೂ ಅಂದುಕೊಂಡಿದ್ದೇನೆ. ಆದರೆ ಅದು ನನ್ನ ಸ್ವಭಾವ. ಅವರಿಗೆ ಅದನ್ನು ವ್ಯಾಕರಣ ಎಂದು ಕಲಿಸಿದ್ದು ಯಾವ ಲೆಕ್ಕ?

ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ನಾಲ್ಕನೇ ಮಹಡಿಗೆ ಇಳಿದೆ. ಕುಕ್ಕರ್ ಇಟ್ಟಾಗಿತ್ತು. ಚೀಟಿ ತನ್ನ ಜಾಗದಲ್ಲಿತ್ತು. ಯಾವಾಗಲೂ ಬಾಗಿಲ ಬಳಿ ನಿಂತೇ ಪಾಠ ಮಾಡುವವಳು, ಅವತ್ತು ಕುರ್ಚಿ ಎಳೆದುಕೊಂಡು ಕೂತೆ.

"ಇವತ್ತು ನಾನು ಏನೂ ಕೇಳಲ್ಲ," ಎಂದೆ. "ನೀವು ಕೇಳಿ."

"ಏನ್ ಕೇಳ್ಲಿ?"

"ನಿಮಗೆ ಏನು ತಿಳ್ಕೋಬೇಕೋ ಅದು."

ಶೈಲಜಾ ಒಲೆ ಸಣ್ಣ ಮಾಡಿದರು. "ಬೇಜಾರ್ ಮಾಡ್ಕೋಬಾರ್ದು."

"ಇಲ್ಲ."

"ವೈ ಹ್ಯಾವಂಟ್ ಯು ಗಾನ್ ಟು ಇಂಡಿಯಾ ಫಾರ್ ತ್ರೀ ಇಯರ್ಸ್?"

ತಿದ್ದಲು ಅದರಲ್ಲಿ ಏನೂ ಇರಲಿಲ್ಲ. ನಾನು ಉತ್ತರ ಹೇಳಲು ಶುರು ಮಾಡಿದೆ. ಮೊದಲು ಇಂಗ್ಲಿಷಿನಲ್ಲಿ, ಸ್ವಲ್ಪ ಹೊತ್ತಿನ ಮೇಲೆ ಕನ್ನಡದಲ್ಲಿ. ಅವರು ಮಧ್ಯೆ ಮಧ್ಯೆ ಮತ್ತೆ ಕೇಳಿದರು: ಆಮೇಲೆ ಏನಾಯಿತು, ಅಮ್ಮ ಏನೆಂದರು, ನೀವು ಯಾಕೆ ಸುಮ್ಮನಿದ್ದಿರಿ. ಎಲ್ಲವನ್ನೂ ಇಂಗ್ಲಿಷಿನಲ್ಲೇ ಕೇಳಿದರು. ಎರಡು ಕಡೆ ಟೆನ್ಸ್ ತಪ್ಪಿತು, ನಾನು ಉತ್ತರವನ್ನೇ ಹೇಳಿದೆ. ಮೂರನೇ ವಿಷಲ್‌ಗೆ ಚೀಟಿ ಉದುರಿತು. ಇಬ್ಬರೂ ಎತ್ತಲಿಲ್ಲ.

ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ಕೇಳಿದ್ದು ಅವರು, ನೀವಲ್ಲ.