ಕೆರೆಯೊಳಗಿನ ಮೂರು ಸಾಲು

ರಸ್ತೆ ವಿನ್ಯಾಸದ ಆ ಕಚೇರಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು ‘ಇಪ್ಪತ್ತು’ ಎಂದೇ. ಹೊಸ ರಸ್ತೆ ಹಾಯುವ ನೆಲ ಎಲ್ಲೆಲ್ಲಿ ಎಷ್ಟೆಷ್ಟು ಎತ್ತರವಿದೆ ಎಂಬುದನ್ನು ಕಂಪ್ಯೂಟರಿನ ನಕ್ಷೆಯಿಂದ ಇಪ್ಪತ್ತು ಮೀಟರಿಗೊಮ್ಮೆ ಓದಿ, ಅದೇ ಕಂಪ್ಯೂಟರಿನ ಎಕ್ಸೆಲ್ ಹಾಳೆಗೆ ಟೈಪ್ ಮಾಡುವುದು ಅವರ ಕೆಲಸ. ಒಂದು ಕಾಲಂನಲ್ಲಿ ದೂರ, ಪಕ್ಕದ್ದರಲ್ಲಿ ಮಟ್ಟ. ಹತ್ತೊಂಬತ್ತು ವರ್ಷಗಳಿಂದ ಇದೇ. ಸಾಲು ತಪ್ಪದಿರಲೆಂದು ಎಡಗೈಯಲ್ಲಿ ಆರಿಂಚಿನ ಸ್ಕೇಲನ್ನು ಪರದೆಗೆ ಒತ್ತಿ ಹಿಡಿಯುತ್ತಾರೆ. ಸ್ಕೇಲಿನ ಗೀರು ಬಿದ್ದು ಇದುವರೆಗೆ ಮೂರು ಪರದೆಗಳು ಹಾಳಾಗಿವೆ.

“ರೀ, ಕಂಪ್ಯೂಟರಿಗೆ ಗೊತ್ತಿರೋದನ್ನ ಕಂಪ್ಯೂಟರಿಗೇ ಯಾಕೆ ಹೇಳ್ಕೊಡ್ತೀರಿ?” ಎಂದು ಹೆಂಡತಿ ಒಮ್ಮೆ ಕೇಳಿದ್ದರು.

“ನಿಂಗೆ ಅರ್ಥ ಆಗಲ್ಲ ಬಿಡು” ಎಂದಿದ್ದರು ಇಪ್ಪತ್ತು. ಆ ಪ್ರಶ್ನೆ ಅವರಿಗೂ ಅರ್ಥವಾಗಿರಲಿಲ್ಲ.

ಹೊಸದಾಗಿ ಸೇರಿದ ಎಂಜಿನಿಯರ್ ಹೆಣ್ಣುಮಗಳಿಗೆ ಮಾತ್ರ ಮೂರನೇ ದಿನವೇ ಅರ್ಥವಾಯಿತು.

“ಸಾರ್, ಇಲ್ಲಿ ಎಕ್ಸ್‌ಪೋರ್ಟ್ ಅಂತ ಇದೆಯಲ್ಲಾ?”

“ಇದೆ ಮೇಡಂ. ನಾವದನ್ನ ಮುಟ್ಟಲ್ಲ.”

“ಯಾಕೆ?”

“ಮುಟ್ಟಿದ್ರೆ ಏನಾಗುತ್ತೆ ಅಂತ ಯಾರಿಗೂ ಗೊತ್ತಿಲ್ಲ.”

ಆಕೆ ಮುಟ್ಟಿದಳು. ರಸ್ತೆಯ ಗೆರೆಯನ್ನು ಆರಿಸಿ, ಅಂತರ ಇಪ್ಪತ್ತು ಮೀಟರ್ ಎಂದು ಕೊಟ್ಟು, ಬೇಕಾದ ಎರಡು ಕಾಲಂಗಳಿಗೆ ಗುರುತು ಹಾಕಿದಳು. ಹನ್ನೆರಡು ಕಿಲೋಮೀಟರ್ ರಸ್ತೆಯ ಆರುನೂರ ಒಂದು ಸಾಲುಗಳು ನಾಲ್ಕು ನಿಮಿಷದಲ್ಲಿ ಎಕ್ಸೆಲ್‌ನಲ್ಲಿ ಬಂದು ಕೂತವು. ಅದೇ ರಸ್ತೆಗೆ ಒಂಬತ್ತು ದಿನ ದುಡಿದ ಇಪ್ಪತ್ತು, ಹಿಂದಿನ ಸಂಜೆಯಷ್ಟೇ ಕೆಲಸ ಮುಗಿಸಿದ್ದರು.

ಸುದ್ದಿ ಮುಖ್ಯ ಎಂಜಿನಿಯರ್ ಸಾಹೇಬರಿಗೆ ಮುಟ್ಟಿತು. ಅವರನ್ನು ಮೊದಲು ಕಾಡಿದ್ದು, ಹಾಳೆಯ ಕೆಳಗೆ ‘ಟೈಪ್ ಮಾಡಿದವರು’ ಎಂಬಲ್ಲಿ ಯಾರ ಸಹಿ ಹಾಕಿಸುವುದು ಎಂಬ ಚಿಂತೆ. ಅದನ್ನು ಆಮೇಲೆ ನೋಡೋಣವೆಂದು, ಎರಡೂ ಹಾಳೆಗಳನ್ನು ಶುಕ್ರವಾರ ತಾಳೆ ನೋಡುವುದೆಂದು ತೀರ್ಮಾನಿಸಿದರು. ಅಂಕಿಗಳು ಹೊಂದಿದರೆ ಇಪ್ಪತ್ತು ನೆಲಮಾಳಿಗೆಯ ಕಡತಕೋಣೆಗೆ ಹೋಗಬೇಕು. ಆ ಕೋಣೆಗೆ ಕಿಟಕಿಯಿಲ್ಲ. ಕಳೆದ ವರ್ಷ ಒಂದು ಕಡತ ತರಲು ಇಳಿದಿದ್ದ ಇಪ್ಪತ್ತು, ಧೂಳು ಕುಡಿದು ಒಂದು ವಾರ ಉಬ್ಬಸದಿಂದ ಮಲಗಿದ್ದರು.

ಶುಕ್ರವಾರ ಐನೂರ ತೊಂಬತ್ತೆಂಟು ಸಾಲುಗಳು ಕರಾರುವಾಕ್ಕಾಗಿ ಹೊಂದಿದವು. ರಸ್ತೆ ಒಂದು ಕೆರೆಯನ್ನು ದಾಟುವಲ್ಲಿ, ಉಳಿದ ಮೂರು ಸಾಲುಗಳಲ್ಲಿ ಆಕೆಯ ಹಾಳೆ ಖಾಲಿ ಇತ್ತು. ಅಳತೆಗೆ ಹೋದವರು ನೀರಿಗಿಳಿದಿರಲಿಲ್ಲ. ಇಲ್ಲದ ಅಳತೆಯನ್ನು ಯಂತ್ರ ಕೊಡಲಿಲ್ಲ. ಆದರೆ ರಸ್ತೆಗೆ ಎಷ್ಟು ಮಣ್ಣು ಬೇಕೆಂದು ಲೆಕ್ಕ ಹಾಕುವ ಮುಂದಿನ ಹಾಳೆ ಆ ಖಾಲಿ ಜಾಗವನ್ನು ಸೊನ್ನೆ ಎಂದು ಓದಿಕೊಂಡಿತು. ಸಮುದ್ರಮಟ್ಟದಿಂದ ಆರುನೂರ ಹದಿನಾಲ್ಕು ಮೀಟರ್ ಮೇಲಿರುವ ರಸ್ತೆಗೆ ಸಮುದ್ರಮಟ್ಟದಿಂದಲೇ ಮಣ್ಣು ತುಂಬಬೇಕೆಂದು ಲೆಕ್ಕ ಬಂತು.

“ಗುಡ್ಡ ಎಲ್ಲಿಂದ ತರೋಣಮ್ಮಾ?” ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇಪ್ಪತ್ತು ನೋಡು, ಮೂರೂ ಸಾಲು ತುಂಬಿದಾನೆ! ಯಂತ್ರಕ್ಕೆಲ್ಲಿ ಬರಬೇಕು ಈ ಅನುಭವ?” ಅಲ್ಲೇ ಇಪ್ಪತ್ತರ ಹಾಳೆಗೆ ಸಹಿ ಹಾಕಿದರು. ಕುರ್ಚಿ ಉಳಿಯಿತು.

ಹೊರಗೆ ಬಂದ ಮೇಲೆ ಆಕೆ ಮೆಲ್ಲಗೆ ಕೇಳಿದಳು: “ಸಾರ್, ನಕ್ಷೆಯಲ್ಲೇ ಇಲ್ಲದ ನಂಬರ್ ನಿಮಗೆಲ್ಲಿ ಸಿಕ್ತು?”

“ಈ ದಡ ಇದೆ, ಆ ದಡ ಇದೆ. ನಡುವೆ ಸುಮಾರಾಗಿ ಹಾಕ್ದೆ.”

“ಹತ್ತೊಂಬತ್ತು ವರ್ಷದಿಂದ?”

“ಖಾಲಿ ಬಿಟ್ರೆ ಬೈತಿದ್ರು ಮೇಡಂ. ತುಂಬಿದ್ರೆ ಯಾರೂ ಕೇಳ್ತಿರಲಿಲ್ಲ. ನೀವೇ ಮೊದಲು.”

ಆಕೆ ತನ್ನ ಹಾಳೆ ಮಡಚಿಕೊಂಡು ಹೊರಟುಹೋದಳು. ಬೈದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು ಎಂದು ಇಪ್ಪತ್ತು ಮನೆಯಲ್ಲಿ ಹೆಂಡತಿಯ ಮುಂದೆ ಗೊಣಗಿದರು.

“ಹೋಗಿ ನೋಡ್ಕೊಂಡು ಬನ್ನಿ. ಕೆರೆ ಏನು ಓಡಿಹೋಗುತ್ತಾ?” ಎಂದರು ಹೆಂಡತಿ.

ಭಾನುವಾರ ಬೆಳಿಗ್ಗೆ ಇಪ್ಪತ್ತು ಪ್ಯಾಂಟು ಮಡಚಿ, ಅಳತೆಕೋಲು ಹಿಡಿದು ನೀರಿಗಿಳಿದರು. ದಡದಲ್ಲಿ ಅಳತೆಯ ಉಪಕರಣ ನೋಡುತ್ತಿದ್ದವಳು, ಅವರು ಕರೆದಿದ್ದಕ್ಕೆ ಬಂದಿದ್ದ ಆ ಎಂಜಿನಿಯರ್ ಹೆಣ್ಣುಮಗಳೇ. ಹತ್ತೊಂಬತ್ತು ವರ್ಷ ನೆಲದ ಎತ್ತರ ಬರೆದ ಮನುಷ್ಯ ನೆಲವನ್ನು ಅಳೆದದ್ದು ಅಂದೇ ಮೊದಲು. ನೀರು ಮೊಣಕಾಲು ದಾಟಿತು, ಸೊಂಟ ದಾಟಿತು.

“ಸಾರ್, ಅಲ್ಲೇ ನಿಲ್ಲಿ!”

“ನಿಲ್ಲೋದು ನನ್ನ ಕೈಲಿಲ್ಲ ಮೇಡಂ, ಕೆಸರು ಎಳೀತಿದೆ!”

ನಡುವಿನ ಸಾಲಿನಲ್ಲಿ ನೆಲ ಅವರ ಅಂದಾಜಿಗಿಂತ ಒಂದು ಮೀಟರ್ ಎಂಬತ್ತು ಸೆಂಟಿಮೀಟರ್ ಕೆಳಗಿತ್ತು.

ಸೋಮವಾರ ಹೊಸ ಅಂಕಿಗಳನ್ನು ಸಾಹೇಬರ ಮೇಜಿನ ಮೇಲಿಟ್ಟರು.

“ಏನಿದು?”

“ಕೆರೆ ತಳ ಸಾರ್. ನಾನು ಹಾಕಿದ್ದು ತಪ್ಪು.”

“ಸಹಿ ಆಗಿದೆಯಲ್ಲಯ್ಯಾ. ಇನ್ನು ನೆಲ ಬದಲಾಗೋಕಾಗಲ್ಲ.”

“ನೆಲ ಬದಲಾಗಿಲ್ಲ ಸಾರ್. ತಿದ್ದದಿದ್ರೆ ರಸ್ತೆ ಕುಸಿಯುತ್ತೆ.”

ಸಾಹೇಬರು ಕನ್ನಡಕ ತೆಗೆದರು. “ತಿದ್ದಬೇಕಂದ್ರೆ ತಪ್ಪು ಯಾರದ್ದು ಅಂತ ಬರೀಬೇಕಾಗುತ್ತೆ. ಬರೀಲಾ? ಕೆಳಗಡೆ ಧೂಳಿದೆ, ಗೊತ್ತಲ್ಲ?”

“ಬರೀರಿ ಸಾರ್.”

ಬುಧವಾರ ಇಪ್ಪತ್ತು ಕಡತಕೋಣೆಗೆ ಇಳಿದರು. ಮೂಗಿಗೆ ಹೆಂಡತಿಯ ಹಳೆಯ ಹತ್ತಿಸೀರೆಯ ತುಂಡು ಕಟ್ಟಿಕೊಂಡಿದ್ದರು. ಎಕ್ಸ್‌ಪೋರ್ಟ್ ಜಾರಿಗೆ ಬಂತು. ಅದನ್ನು ನೋಡಿಕೊಂಡು ಪುನಃ ಟೈಪ್ ಮಾಡಲು, ಸಹಿಯ ಸಲುವಾಗಿ, ಇನ್ನೊಬ್ಬರನ್ನು ನೇಮಿಸಿದರು.

ಮುಂದಿನ ವಾರ ಆಕೆ ಇನ್ನೊಂದು ರಸ್ತೆಯ ಹಾಳೆ ಹಿಡಿದು ಮೆಟ್ಟಿಲಿಳಿದು ಬಂದಳು. ಅದರಲ್ಲಿ ಹದಿನಾಲ್ಕು ಸಾಲು ಖಾಲಿ.

“ಇದು ಕೆರೆ ಅಲ್ಲ ಸಾರ್, ಹಳ್ಳ. ಬರ್ತೀರಾ?”

“ಇಲ್ಲಿ ಯಾರಾದ್ರೂ ಕೇಳಿದ್ರೆ?”

“ಹೋದ ವಾರದಿಂದ ಯಾರಾದ್ರೂ ಕೇಳಿದಾರಾ?”

ಯಾರೂ ಕೇಳಿರಲಿಲ್ಲ. ಇಪ್ಪತ್ತು ಮೂಗಿನ ಬಟ್ಟೆ ಬಿಚ್ಚಿ ಜೇಬಿಗೆ ತುರುಕಿ, ಮೂಲೆಯಲ್ಲಿದ್ದ ಅಳತೆಕೋಲನ್ನು ಹೆಗಲಿಗೇರಿಸಿದರು.